ಭೀಮನಿಗೊಂದು ಜೊತೆ

ಮನೆಯಲ್ಲಿ ಒಂದು ನಾಯಿಯನ್ನು ಸಾಕಿದವನನ್ನು ಲೋಕವು ಪ್ರಾಣಿಪ್ರಿಯನೆಂದು ಕರೆಯುತ್ತದೆ. ಎರಡನ್ನು ಸಾಕಿದವನ ವಿಷಯದಲ್ಲಿ ಅದೇ ಲೋಕವು ಸ್ವಲ್ಪ ತಲೆಯಾಡಿಸಿ ಸುಮ್ಮನಾಗುತ್ತದೆ. ಮೊದಲನೆಯ ನಾಯಿ ಬಂದುದಕ್ಕೆ ಕಾರಣವನ್ನು ಯಾರೂ ಕೇಳುವುದಿಲ್ಲ. ಮಕ್ಕಳು ಹಠಮಾಡಿದರು, ಕಳ್ಳರ ಭಯವಿತ್ತು, ಮಳೆಯಲ್ಲಿ ನೆನೆಯುತ್ತ ಬಾಗಿಲಿಗೆ ಬಂದಿತು. ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಎರಡನೆಯದಕ್ಕೆ ಮಾತ್ರ ಸಮಾಧಾನ ಹೇಳಬೇಕಾಗುತ್ತದೆ: ನೆರೆಯವರಿಗೆ, ನೆಂಟರಿಗೆ, ಎಲ್ಲರಿಗಿಂತ ಹೆಚ್ಚಾಗಿ ತಿಂಗಳ ಕೊನೆಯಲ್ಲಿ ಲೆಕ್ಕ ಬರೆಯುವ ಗೃಹಿಣಿಗೆ. ಆಗ ಸಾಮಾನ್ಯವಾಗಿ ಹೊರಡುವ ಉತ್ತರವೇನೆಂದರೆ, "ಮೊದಲನೆಯದಕ್ಕೆ ಜೊತೆ ಬೇಕಾಗಿತ್ತು" ಎಂಬುದು. ಈ ಉತ್ತರವು ಎಷ್ಟರಮಟ್ಟಿಗೆ ನಿಜ? ನಿಜವಾದರೆ ಆ ಜೊತೆಯನ್ನು ಆರಿಸುವುದು ಹೇಗೆ? ಅದರಲ್ಲಿಯೂ ಮೊದಲನೆಯ ನಾಯಿಯು ಭಾರಿ ಗಾತ್ರದ್ದಾದರೆ ಏನೇನನ್ನು ಆಲೋಚಿಸಬೇಕು? ಈ ಪ್ರಶ್ನೆಗಳು ಒಂದು ವರ್ಷ ಕಾಲ ನಮ್ಮ ಮನೆಯ ಊಟದ ಹೊತ್ತಿನ ಮಾತಾಗಿದ್ದುವು. ಅದರ ಸಾರವನ್ನು ಗೃಹಸ್ಥರಾದ ಓದುಗರ ಮುಂದಿಟ್ಟರೆ ಯಾರಿಗಾದರೂ ಉಪಯೋಗವಾದೀತೆಂದು ಈ ನಾಲ್ಕು ಮಾತು.

ಭೀಮನೆಂಬುದು ನಮ್ಮ ಮನೆಯ ಮೊದಲನೆಯ ನಾಯಿಯ ಹೆಸರು. ಜಾತಿಯಲ್ಲಿ ಅವನು ಗ್ರೇಟ್ ಡೇನ್. ಹೆಸರನ್ನು ಕೇಳಿದವರು ಅವನ ಪೂರ್ವಿಕರು ಡೆನ್ಮಾರ್ಕಿನವರೆಂದು ಊಹಿಸುವುದು ಸಹಜ. ಆದರೆ ಈ ತಳಿ ರೂಪುಗೊಂಡದ್ದು ಜರ್ಮನಿಯಲ್ಲಿ. ಅದರ ಹಿರಿಯರು ಕಾಡುಹಂದಿಯ ಬೇಟೆಗೆ ಹೋಗುತ್ತಿದ್ದ ನಾಯಿಗಳು. ಹಂದಿಯನ್ನು ಅಡ್ಡಗಟ್ಟಿ ನಿಲ್ಲಿಸತಕ್ಕ ವಂಶದಲ್ಲಿ ಹುಟ್ಟಿದ ನಮ್ಮ ಭೀಮನು ಅಡಿಗೆಮನೆಯಲ್ಲಿ ಕುಕ್ಕರು ಕೂಗಿದರೆ ಮಂಚದ ಕೆಳಗೆ ಅಡಗುತ್ತಾನೆ. ಅಲ್ಲಿ ಹಿಡಿಸುವುದು ಅವನ ತಲೆಯೊಂದೇ. ಮಿಕ್ಕ ದೇಹವೆಲ್ಲ ಹೊರಗೇ ಉಳಿಯುತ್ತದೆ. ನೆಲದಿಂದ ಹೆಗಲಿಗೆ 33 ಅಂಗುಲ. ತೂಕ 62 ಕಿಲೋ. ಊಟದ ಮೇಜಿನ ಮೇಲೆ ಏನಿದೆಯೆಂದು ನೋಡಲು ಅವನು ಕತ್ತನ್ನು ಎತ್ತಬೇಕಾಗಿಲ್ಲ, ಬಗ್ಗಿಸಬೇಕು. ನಾಯಿಯನ್ನು "ಅದು" ಎನ್ನುವುದು ವ್ಯಾಕರಣಕ್ಕೆ ಒಪ್ಪಿದ ಮಾತು. ನಮ್ಮ ಮನೆಯಲ್ಲಿ ಮಾತ್ರ ವ್ಯಾಕರಣವು ಅವನ ಎದುರಿಗೆ ನಿಲ್ಲಲಾರದೆ ಹೋಯಿತು.

ಅವನನ್ನು ತಂದು ಬೆಳೆಸಿದವನು ನನ್ನ ಮಗ. ಮೈಸೂರಿನಲ್ಲಿ ಓದುತ್ತಿದ್ದಷ್ಟು ಕಾಲವೂ ಬೆಳಗಿನ ತಿರುಗಾಟ, ಸಂಜೆಯ ಓಟ, ರಾತ್ರಿಯ ಊಟ ಎಲ್ಲವೂ ಅವನ ಕೈಯಲ್ಲಿಯೇ. ಸಂಜೆ ಆರು ಗಂಟೆಗೆ ಅವನ ಸ್ಕೂಟರಿನ ಶಬ್ದ ಬೀದಿಯ ತಿರುವಿನಲ್ಲಿ ಕೇಳಿಸುವುದಕ್ಕೆ ಮೊದಲೇ ಭೀಮನು ಗೇಟಿನ ಹತ್ತಿರ ಹೋಗಿ ನಿಂತಿರುತ್ತಿದ್ದನು. ಮಗನಿಗೆ ಪುಣೆಯಲ್ಲಿ ಉದ್ಯೋಗವಾಯಿತು. ಬಾಡಿಗೆಯ ಎರಡು ಕೋಣೆಯ ಮನೆ. ಅಲ್ಲಿಗೆ ಇವನನ್ನು ಕರೆದುಕೊಂಡು ಹೋಗುವಂತಿರಲಿಲ್ಲ. ಅವನು ಹೋದ ದಿನ ಭೀಮನು ಆರು ಗಂಟೆಗೆ ಗೇಟಿಗೆ ಹೋದನು. ಒಂಬತ್ತಕ್ಕೆ ಒಳಕ್ಕೆ ಬಂದನು. ಮರುದಿನವೂ ಹಾಗೆಯೇ. ಒಂದು ತಿಂಗಳಾದರೂ ಈ ಕ್ರಮ ತಪ್ಪಲಿಲ್ಲ. ಊಟವನ್ನು ಅರ್ಧಕ್ಕೆ ಬಿಡತೊಡಗಿದನು. ಮುಂಗಾಲಿನ ಮಣಿಕಟ್ಟಿನ ಮೇಲೆ ಒಂದೇ ಕಡೆಯಲ್ಲಿ ನೆಕ್ಕಿ ನೆಕ್ಕಿ ಕೂದಲು ಉದುರಿ, ಚರ್ಮ ದಪ್ಪವಾಗಿ, ಕೊನೆಗೆ ಅಲ್ಲಿ ಹುಣ್ಣೇ ಆಯಿತು.

ನಾವು ನಂಬಿದ ಪಶುವೈದ್ಯರು ಕಾಲನ್ನು ಪರೀಕ್ಷಿಸಿದರು. ಉಣ್ಣೆಯೆ, ಬೂಷ್ಟೆ, ಕೀಲುನೋವೆ ಎಂದು ಒಂದೊಂದನ್ನೂ ತಳ್ಳಿಹಾಕಿದ ಮೇಲೆ, ದೊಡ್ಡ ಜಾತಿಯ ನಾಯಿಗಳಲ್ಲಿ ಇದು ಅಪರೂಪವಲ್ಲವೆಂದೂ ಬೇಸರದಿಂದ ಆರಂಭವಾದ ನೆಕ್ಕುವಿಕೆ ಚಟವಾಗಿ ಹತ್ತಿ, ಹುಣ್ಣಿನ ನವೆಯಿಂದ ಮತ್ತಷ್ಟು ಬಲಿಯುತ್ತದೆಂದೂ ಹೇಳಿದರು. "ಹಾಗಾದರೆ ಇನ್ನೊಂದು ನಾಯಿಯನ್ನು ತಂದುಬಿಡೋಣವೆ?" ಎಂದು ನಾನು ಕೇಳಿದೆ. ಅವರು ಕೊಟ್ಟ ಉತ್ತರವನ್ನು ಈ ಲೇಖನವನ್ನು ಓದುವವರೆಲ್ಲರೂ ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

"ಎರಡನೆಯ ನಾಯಿಯನ್ನು ಔಷಧವೆಂದು ತರಬೇಡಿ, ಸ್ವಾಮಿ. ನಿಮ್ಮ ಹೊತ್ತು ಸಾಲದೆ ಇವನಿಗೆ ಬೇಸರ ಬಂದಿದ್ದರೆ, ಎರಡಾದ ಮೇಲೆ ಇರುವ ಹೊತ್ತೂ ಎರಡು ಪಾಲಾಗುತ್ತದೆ. ಇವನ ಕೆಟ್ಟ ಅಭ್ಯಾಸವನ್ನು ಅದು ಕಲಿಯುತ್ತದೆ. ಅದರದ್ದನ್ನು ಇವನು ಕಲಿಯುತ್ತಾನೆ. ಮೊದಲು ನೀವು ಮಾಡಬೇಕಾದ್ದನ್ನು ಮಾಡಿ. ಆಮೇಲೂ ಏನಾದರೂ ಉಳಿದರೆ ಆಗ ಜೊತೆಯ ಮಾತನ್ನಾಡೋಣ."

ನಾವು ಮೂರು ತಿಂಗಳು ಅವರ ಮಾತಿನಂತೆ ನಡೆದೆವು. ಬೆಳಗ್ಗೆ ಒಂದು ಗಂಟೆ ನಾನು, ಸಂಜೆ ಮುಕ್ಕಾಲು ಗಂಟೆ ನನ್ನ ಪತ್ನಿ, ಹೀಗೆ ಪಾಳಿ ಹಾಕಿಕೊಂಡು ಅವನನ್ನು ತಿರುಗಾಡಿಸಿದೆವು. ಆಹಾರದಲ್ಲಿ ಒಂದು ಪಾಲನ್ನು ಹಿತ್ತಲಿನಲ್ಲಿ ಅಲ್ಲಲ್ಲಿ ಅಡಗಿಸಿಟ್ಟು ಮೂಸಿ ಹುಡುಕುವಂತೆ ಮಾಡಿದೆವು; ನಾಯಿಗೆ ಮೂಗಿನ ಕೆಲಸವೆಂದರೆ ನಮಗೆ ಪುಸ್ತಕವಿದ್ದಂತೆ. ಊಟ ಸರಿಹೋಯಿತು. ಹುಣ್ಣು ಅರ್ಧಕ್ಕೆ ಇಳಿಯಿತು. ಆದರೆ ಸಂಜೆ ಆರು ಗಂಟೆ ಮಾತ್ರ ಹಾಗೆಯೇ ಉಳಿಯಿತು. ನಾವು ಪಕ್ಕದಲ್ಲಿ ಕುಳಿತರೂ ಅವನ ದೃಷ್ಟಿ ಬೀದಿಯ ತಿರುವಿನ ಮೇಲೆಯೇ. ನಾವಿಬ್ಬರೂ ಹೊರಗೆ ಹೋದ ದಿನ ಮತ್ತೆ ಕಾಲನ್ನು ನೆಕ್ಕುವುದು.

ಒಂದು ರಾತ್ರಿ ಲೆಕ್ಕದ ಪುಸ್ತಕವನ್ನು ಮುಚ್ಚುತ್ತ ನನ್ನ ಪತ್ನಿ, "ಇವನಿಗೆ ಇನ್ನೆಷ್ಟು ವರ್ಷ?" ಎಂದು ಕೇಳಿದಳು. ದೊಡ್ಡ ನಾಯಿಗಳ ಆಯುಸ್ಸು ಚಿಕ್ಕದು. ಗ್ರೇಟ್ ಡೇನುಗಳು ಸಾಮಾನ್ಯವಾಗಿ ಏಳರಿಂದ ಹತ್ತು ವರ್ಷ ಬದುಕುತ್ತವೆ. ಭೀಮನಿಗೆ ಆಗ ನಾಲ್ಕೂವರೆ. ಅಂದರೆ ಅರ್ಧ ಬಾಳು ಆಗಿಹೋಗಿತ್ತು. ಉಳಿದ ಅರ್ಧವನ್ನು ಅವನು ಗೇಟನ್ನು ನೋಡುತ್ತ ಕಳೆಯಬೇಕೆ ಎಂಬುದೇ ಅವಳ ಪ್ರಶ್ನೆಯ ಅರ್ಥ. ಆ ರಾತ್ರಿ ಖರ್ಚಿನ ಮಾತನ್ನು ನಾವಿಬ್ಬರೂ ಎತ್ತಲಿಲ್ಲ.

ಜೊತೆಯೆಂಬುದು ನಾಯಿಗೂ ಮನುಷ್ಯನಿಗೂ ನಡುವಣ ಬಹು ಹಳೆಯ ಮಾತು. ಮಹಾಭಾರತದ ಆದಿಪರ್ವದಲ್ಲಿ ಜನಮೇಜಯನ ತಮ್ಮಂದಿರು ತಪ್ಪಿಲ್ಲದ ಒಂದು ನಾಯಿಮರಿಯನ್ನು ಹೊಡೆಯುತ್ತಾರೆ. ಅದರ ತಾಯಿಯಾದ ಸರಮೆ ಬಂದು ನ್ಯಾಯ ಕೇಳುತ್ತಾಳೆ. ಅದೇ ಗ್ರಂಥದ ಕೊನೆಯ ಭಾಗದಲ್ಲಿ ಧರ್ಮರಾಯನು ಹಿಂದೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆನ್ನುತ್ತಾನೆ. ನಮ್ಮ ನಾಡಿನಲ್ಲಿಯೇ, ಈಗಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ ಆತಕೂರಿನಲ್ಲಿ ಒಂದು ಶಾಸನ ದೊರೆಯಿತು. ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕಾಲ ಕ್ರಿ. ಶ. 949-50. ಗಂಗರ ಬೂತುಗನ ಕಡೆಯ ಮಣಲೇರನೆಂಬ ವೀರನು ಯುದ್ಧದಲ್ಲಿ ಪರಾಕ್ರಮ ತೋರಿದಾಗ, ಬೇಕಾದ್ದನ್ನು ಬೇಡಿಕೊಳ್ಳೆಂದರೆ ಅವನು ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತುವು. ಆಗ ಮಣಲೇರನು ಅದಕ್ಕಾಗಿ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿಬಿಟ್ಟನು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಸೆಣಸುವ ಚಿತ್ರವನ್ನು ಇಂದಿಗೂ ನೋಡಬಹುದು. ಊರು ಹೊಲಗಳನ್ನು ಕೇಳಬಹುದಾಗಿದ್ದವನು ನಾಯಿಯನ್ನು ಕೇಳಿದನಲ್ಲ, ಅಲ್ಲಿದೆ ಸ್ವಾರಸ್ಯ. ಅವನ ಜೊತೆಯನ್ನು ಅವನೇ ಆರಿಸಿಕೊಂಡನು. ನಮ್ಮ ಕಷ್ಟವೇನೆಂದರೆ, ಭೀಮನಿಗೆ ಬೇಕಾದ ಜೊತೆಯನ್ನು ನಾವು ಆರಿಸಬೇಕಾಗಿತ್ತು.

ಈ ವಿಷಯದಲ್ಲಿ ನನಗೆ ದಾರಿ ತೋರಿಸಿದವರು ನನ್ನ ತಾಯಿ. ಅವರಿಗೆ ಎಂಬತ್ತೊಂದು ವರ್ಷ. ಭೀಮನು ಬಂದ ಹೊಸತರಲ್ಲಿ ಅವನು ನಡುಮನೆಯ ಹೊಸಲು ದಾಟಕೂಡದೆಂದು ಕಟ್ಟುಮಾಡಿದವರೂ ಅವರೇ. ಅಪ್ಪಯ್ಯನವರು ತೀರಿಕೊಂಡ ಮೇಲೆ ಅದೇ ಹೊಸಲಿನ ಈಚೆ ತಮ್ಮ ಕುರ್ಚಿಯನ್ನು ಹಾಕಿಸಿಕೊಂಡು, ಆಚೆ ಮಲಗಿದ ಅವನ ತಲೆಯ ಮೇಲೆ ಪಾದವನ್ನಿಟ್ಟು ಕೂರುವವರೂ ಅವರೇ. ನಾವು ತಳಿ, ಬಣ್ಣ, ಬೆಲೆ ಎಂದು ಚರ್ಚಿಸುತ್ತಿದ್ದಾಗ ಅವರು ನಡುವೆ ಹೇಳಿದರು:

"ಜೊತೆಗೆ ಅಂತ ಒಬ್ಬರನ್ನು ತಂದು ಕೂರಿಸಿದರೆ ಅದು ಜೊತೆಯಾಗುತ್ತದೇನೋ? ನಿಮ್ಮಪ್ಪ ಹೋದ ಮೇಲೆ ಎಷ್ಟು ಜನ ಬಂದು ನನ್ನ ಪಕ್ಕದಲ್ಲಿ ಕೂತು ಮಾತಾಡಿದರು! ಯಾವಾಗ ಎದ್ದು ಹೋಗುತ್ತಾರೋ ಅನ್ನಿಸುತ್ತಿತ್ತು. ಜೊತೆ ಅಂದರೆ ಪಕ್ಕದಲ್ಲಿರಬೇಕು, ಕಾಟ ಕೊಡಬಾರದು. ಅಂಥದೊಂದು ಸಿಕ್ಕಿದರೆ ತಾ. ಇಲ್ಲದಿದ್ದರೆ ಬೇಡ."

ಪುಸ್ತಕಗಳಲ್ಲಿ ನಾನು ಓದಿದ ಹತ್ತು ನಿಯಮಗಳಿಗಿಂತ ಈ ಒಂದು ಮಾತು ಹೆಚ್ಚಾಗಿ ಕೆಲಸಕ್ಕೆ ಬಂದಿತು. ಅದರ ಮೇಲೆ ನಾವು ಮೂರು ಷರತ್ತುಗಳನ್ನು ಕಟ್ಟಿಕೊಂಡೆವು. ಬರುವ ನಾಯಿಗೆ ಭೀಮನಿಂದ ಅಪಾಯವಿರಕೂಡದು. ಅದರಿಂದ ಭೀಮನಿಗೆ ಉಪದ್ರವವಿರಕೂಡದು. ಎರಡೂ ಸೇರಿ ತಾಯಿಯವರನ್ನು ಬೀಳಿಸಕೂಡದು. ಮೂರನೆಯದು ನಗುವ ಮಾತಲ್ಲ. ಎಂಬತ್ತು ದಾಟಿದವರಿಗೆ ಸೊಂಟದ ಮೂಳೆ ಮುರಿದರೆ ಮತ್ತೆ ಎದ್ದು ನಡೆಯುವುದೇ ದುರ್ಲಭವಾಗಬಹುದು.

ಮೊದಲು ಬಂದುದು ಮುಧೋಳ ಮರಿಯ ಮಾತು. ಬಾಗಲಕೋಟೆಯ ಕಡೆಯ ಸ್ನೇಹಿತರೊಬ್ಬರು ತಾವೇ ಕಳುಹಿಸುವುದಾಗಿ ಹೇಳಿದರು. ಮುಧೋಳದ ಘೋರ್ಪಡೆ ಅರಸರು ಪೋಷಿಸಿದ ತಳಿ. 2005ರಲ್ಲಿ ಭಾರತದ ಅಂಚೆ ಇಲಾಖೆ ಅದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದಕ್ಕಾಗಿ ಸಂಶೋಧನ ಕೇಂದ್ರವೂ ಉಂಟು. ಇಂಥ ನಾಯಿ ನಮ್ಮ ಮನೆಯಲ್ಲಿರುವುದು ಹೆಮ್ಮೆಯೇ ಸರಿ. ಮರಿಯನ್ನು ತರುವುದರಲ್ಲಿ ಒಂದು ಅನುಕೂಲವೂ ಇದೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಮರಿಗಳು ಇತರರೊಡನೆ ಬಾಳುವುದನ್ನು ಬಹು ಸುಲಭವಾಗಿ ಕಲಿಯುತ್ತವೆಂದು ತೋರಿಸಿದ್ದಾರೆ. ಆದರೆ ಮುಧೋಳ ನಾಯಿ ಕಣ್ಣಿಗೆ ಕಂಡುದನ್ನು ಅಟ್ಟಿ ಓಡುವ ಬೇಟೆಯ ಜಾತಿ. ಅದಕ್ಕೆ ಬಯಲು ಬೇಕು. ನಮ್ಮದು ನಲವತ್ತು ಅರವತ್ತು ಅಡಿಯ ನಿವೇಶನ. ಅಲ್ಲದೆ ಎರಡು ತಿಂಗಳ ಮರಿಯ ಬೆನ್ನಿನ ಮೇಲೆ 62 ಕಿಲೋ ತೂಕದವನ ಕಾಲು ಪ್ರೀತಿಯಿಂದಲೇ ಬಿದ್ದರೂ ಅನರ್ಥ. ಮರಿ ಬೆಳೆದು ತಿಳಿವಳಿಕೆ ಬರುವ ತನಕ ಒಂದು ವರ್ಷ ಕಾಲ ತಾಯಿಯವರ ಕಾಲಿಗೆ ತೊಡರಿಕೊಳ್ಳುವುದೂ ನಿಶ್ಚಯ. ಸ್ನೇಹಿತರಿಗೆ ವಂದನೆ ತಿಳಿಸಿ ಕಾಗದ ಬರೆದೆವು.

ಎರಡನೆಯದು ನೆರೆಯವರ ನೆಂಟರದು. ಜನರು ಪೊಮೆರೇನಿಯನ್ ಎಂದು ಕರೆಯುವ, ಆದರೆ ನಮ್ಮಲ್ಲಿ ಬಹುಮಟ್ಟಿಗೆ ಇಂಡಿಯನ್ ಸ್ಪಿಟ್ಸ್ ಆಗಿರುವ ಬಿಳಿಯ ನಾಯಿ. ತೂಕ ಆರು ಕಿಲೋ. ಅಂಥ ಹತ್ತು ನಾಯಿಗಳನ್ನು ತಕ್ಕಡಿಯಲ್ಲಿಟ್ಟರೂ ಭೀಮನ ತೂಕಕ್ಕೆ ಎರಡು ಕಿಲೋ ಕಡಮೆ. ದೊಡ್ಡದಕ್ಕೆ ಚಿಕ್ಕದು ಮುದ್ದಾದ ಜೊತೆಯೆಂದು ನೋಡುವವರಿಗೆ ತೋರಬಹುದು; ಎಷ್ಟೋ ಮನೆಗಳಲ್ಲಿ ಅಂಥ ಜೊತೆ ಚೆನ್ನಾಗಿ ನಡೆದಿರುವುದೂ ಉಂಟು. ಆದರೆ ಆಟವು ರಭಸಕ್ಕೆ ಏರಿದಾಗ, ಕಿರುಚಿಕೊಂಡು ಓಡುವ ಚಿಕ್ಕ ಪ್ರಾಣಿಯನ್ನು ಕಂಡು ದೊಡ್ಡ ನಾಯಿಗೆ ಬೇಟೆಯ ಹುಟ್ಟುಗುಣ ಕ್ಷಣದಲ್ಲಿ ಕೆರಳಬಹುದು. ಅಲ್ಲಿ ದ್ವೇಷವಿಲ್ಲ, ಆದರೂ ಪ್ರಾಣ ಹೋಗುತ್ತದೆ. ಎರಡನ್ನೂ ಕಣ್ಣೆದುರಿನಲ್ಲಿಯೇ ಇಟ್ಟುಕೊಂಡಿರಬಲ್ಲವರು ಸಾಹಸ ಮಾಡಲಿ. ನಾವು ಕೈಬಿಟ್ಟೆವು.

ಮೂರನೆಯದು, ಮನೆ ಬದಲಾಯಿಸುತ್ತಿದ್ದ ಒಂದು ಸಂಸಾರದವರ ಲ್ಯಾಬ್ರಡಾರ್. ಮೂರು ವರ್ಷದ ಗಂಡು. ಗಾತ್ರ ಸರಿ, ಸ್ವಭಾವವೂ ಒಳ್ಳೆಯದೆಂದು ಕೇಳಿದ್ದೆವು. ಎರಡು ನಾಯಿಗಳ ಮೊದಲ ಭೇಟಿ ಇಬ್ಬರ ಮನೆಯಲ್ಲಿಯೂ ಆಗದೆ ಮೂರನೆಯ ಜಾಗದಲ್ಲಿ ಆಗಬೇಕು. ಮನೆಯೆಂಬುದು ನಾಯಿಗೆ ಕಾಯತಕ್ಕ ಎಲ್ಲೆ. ಆದ್ದರಿಂದ ಬೆಳಗಿನ ಜಾವ ಜನರಿಲ್ಲದ ಮೈದಾನದಲ್ಲಿ ಕೂಡಿಸಿದೆವು. ಎರಡೂ ನೆಟ್ಟಗೆ ನಿಂತುವು. ಬಾಲ ಮೇಲೆ, ಬೆನ್ನ ಕೂದಲು ನೆಟ್ಟಗೆ, ಬಾಯಿ ಮುಚ್ಚಿ, ದಿಟ್ಟಿ ಕದಲದೆ. ಒಂದೂ ಬೊಗಳಲಿಲ್ಲ. ಬೊಗಳುವ ನಾಯಿಗಿಂತ ಹೀಗೆ ಮೌನವಾಗಿ ಬಿಗಿದು ನಿಂತ ನಾಯಿಯನ್ನು ಕಂಡರೆ ಹೆಚ್ಚು ಎಚ್ಚರವಾಗಿರಬೇಕು. ಒಂದೇ ಲಿಂಗದ ಎರಡು ಪ್ರಾಯದ ನಾಯಿಗಳಿಗಿಂತ ಒಂದು ಗಂಡು ಒಂದು ಹೆಣ್ಣು ಹೊಂದಿಕೊಳ್ಳುವುದು ಸಾಮಾನ್ಯವಾಗಿ ಸುಲಭವೆಂದು ಬಲ್ಲವರು ಹೇಳುತ್ತಾರೆ. ಮತ್ತೆರಡು ದಿನ ನೋಡಿದೆವು, ಬಿಗಿ ಸಡಿಲಲಿಲ್ಲ. ಪರಸ್ಪರ ಕ್ಷಮೆ ಕೇಳಿ ಎರಡು ಸಂಸಾರಗಳವರೂ ಬೀಳ್ಕೊಂಡೆವು. ವಧುಪರೀಕ್ಷೆಯಲ್ಲಿ ಜಾತಕ ಕೂಡದೆ ಹೋದಾಗ ಎದ್ದುಬರುವ ರೀತಿಯಲ್ಲಿಯೇ ಅದೂ ಆಯಿತು.

ನಾಲ್ಕನೆಯವಳು ಗೌರಿ. ಊರ ಹೊರಗೆ ಒಬ್ಬ ಮಹಿಳೆ ಗಾಯಗೊಂಡ ಬೀದಿನಾಯಿಗಳನ್ನು ತಂದು ಸಾಕುತ್ತಾರೆ, ಅಲ್ಲಿ ಇದ್ದಳು. ನಾಡನಾಯಿ, ಕಂದುಬಣ್ಣ, ಸುಮಾರು ನಾಲ್ಕು ವರ್ಷ, ಹತ್ತೊಂಬತ್ತು ಕಿಲೋ. ವಾಹನ ತಗುಲಿ ಹಿಂಗಾಲು ಸ್ವಲ್ಪ ಕುಂಟು. ಕಿವಿಯ ತುದಿಯಲ್ಲಿ ಚಿಕ್ಕ ಕಚ್ಚು; ಸಂತಾನಹರಣ ಶಸ್ತ್ರಕ್ರಿಯೆ ಆದ ಬೀದಿನಾಯಿಗೆ ಗುರುತಾಗಿ ಮಾಡುವುದು ಅದನ್ನೇ. ಅವಳನ್ನು ನೋಡಲು ನಾವು ಹೋದದ್ದಲ್ಲ. ಬೇರೊಂದನ್ನು ನೋಡುತ್ತಿದ್ದಾಗ, ಸುತ್ತ ಕುಣಿಯುತ್ತಿದ್ದ ಎರಡು ಮರಿಗಳು ಮೈಮೇಲೆ ಬಿದ್ದರೂ ಏಳದೆ ಬಿಸಿಲಿನಲ್ಲಿ ಮಲಗಿದ್ದ ಅವಳನ್ನು ಕಂಡು ನನ್ನ ಪತ್ನಿ, "ಅತ್ತೆಯವರು ಹೇಳಿದ್ದು ಇಂಥದನ್ನೇ ಅಲ್ಲವೆ?" ಎಂದಳು. ಒಂದು ಮರಿ ಮಿತಿಮೀರಿದಾಗ ಗೌರಿ ತುಟಿಯನ್ನೆತ್ತಿ ಒಂದು ಸಾರಿ ಗುರುಗುಟ್ಟಿದಳು. ಮರಿ ಹಿಂದೆಗೆಯಿತು. ಇವಳು ಮತ್ತೆ ಕಣ್ಣು ಮುಚ್ಚಿದಳು. ಸಾಕೆಂದು ಹೇಳಬಲ್ಲ, ಹೇಳಿದ ಮೇಲೆ ಅದನ್ನು ಮರೆಯಬಲ್ಲ ನಾಯಿ ದೊಡ್ಡ ನಾಯಿಗೆ ತಕ್ಕ ಜೊತೆ.

ಆತುರಪಡಲಿಲ್ಲ. ಮೊದಲು ರಕ್ತಪರೀಕ್ಷೆ, ಉಣ್ಣೆಯಿಂದ ಬರುವ ಜ್ವರ ಬೀದಿನಾಯಿಗಳಲ್ಲಿ ಬಲು ಸಾಮಾನ್ಯ. ಹುಚ್ಚುನಾಯಿ ರೋಗಕ್ಕೆ, ಡಿಸ್ಟೆಂಪರಿಗೆ, ಪಾರ್ವೊ ರೋಗಕ್ಕೆ ಚುಚ್ಚುಮದ್ದು. ಎರಡು ವಾರ ಕಳೆದ ಮೇಲೆ ಮೈದಾನದ ಭೇಟಿ. ಎದುರು ಬದುರಾಗಿ ನಿಲ್ಲಿಸದೆ, ಇಪ್ಪತ್ತು ಅಡಿ ಅಂತರದಲ್ಲಿ ಒಂದೇ ದಿಕ್ಕಿಗೆ ನಾನು ಅವನನ್ನೂ ನನ್ನ ಪತ್ನಿ ಅವಳನ್ನೂ ನಡೆಯಿಸಿದೆವು. ಮೊದಲ ದಿನ ಗೌರಿ ಅವನ ಕಡೆಗೆ ತಿರುಗಲೇ ಇಲ್ಲ. ಎರಡನೆಯ ದಿನ ಅಂತರ ಹತ್ತು ಅಡಿಯಾಯಿತು. ಮೂರನೆಯ ದಿನ ಭೀಮನು ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಹಿಂಭಾಗವನ್ನು ಮೇಲಕ್ಕೆತ್ತಿ ಬಗ್ಗಿದನು. ಆಟಕ್ಕೆ ಕರೆಯುವ ನಾಯಿಯ ನಮಸ್ಕಾರವದು. ಮಗನು ಹೋದ ಮೇಲೆ ಆ ನಮಸ್ಕಾರವನ್ನು ನಾವು ಕಂಡಿರಲಿಲ್ಲ. ಗೌರಿ ಆಡಲಿಲ್ಲ, ಅವನ ಮೂಗಿನ ಹತ್ತಿರ ಬಂದು ಮೂಸಿ, ಪಕ್ಕದಲ್ಲಿ ಕುಳಿತಳು.

ಹದಿನೈದು ದಿನದ ಪರೀಕ್ಷೆಯೆಂದು ಒಪ್ಪಂದ ಮಾಡಿಕೊಂಡು ಅವಳನ್ನು ಮನೆಗೆ ತಂದೆವು. ಇಂಥ ಗಡುವು ಎರಡು ಕಡೆಗೂ ಒಳ್ಳೆಯದು; ಹಿಂದಿರುಗಿಸಲು ದಾರಿಯಿರುವಾಗ ಮನಸ್ಸು ಸರಿಯಾಗಿ ನೋಡುತ್ತದೆ. ಮಲಗುವ ಜಾಗ ಬೇರೆ, ನೀರಿನ ಪಾತ್ರೆ ಬೇರೆ, ಊಟ ಬಾಗಿಲು ಮುಚ್ಚಿದ ಬೇರೆ ಬೇರೆ ಕೋಣೆಗಳಲ್ಲಿ. ಐದು ದಿನ ನಿರಾತಂಕವಾಗಿ ಕಳೆದುವು. ಆರನೆಯ ದಿನ ಮಧ್ಯಾಹ್ನ ತಾಯಿಯವರ ಕೈಯಿಂದ ಒಂದು ಚೂರು ಚಪಾತಿ ಜಾರಿ ನೆಲಕ್ಕೆ ಬಿದ್ದಿತು. ಎರಡೂ ಒಟ್ಟಿಗೆ ಎದ್ದುವು. ಗೌರಿ ಚಪಾತಿಯ ಮೇಲೆ ನಿಂತು ಹಲ್ಲು ಬಿಟ್ಟು ಗರ್ಜಿಸಿದಳು. ಭೀಮನು ಬೆದರಿ ಹಿಂದಕ್ಕೆ ಜಿಗಿದಾಗ ಅವನ ಸೊಂಟ ತಗುಲಿ ತಾಯಿಯವರ ಕುರ್ಚಿ ಒಂದು ಪಕ್ಕಕ್ಕೆ ವಾಲಿತು. ನನ್ನ ಪತ್ನಿ ಓಡಿಬಂದು ಹಿಡಿದುಕೊಳ್ಳದಿದ್ದರೆ ಏನಾಗುತ್ತಿತ್ತೋ ಹೇಳಲಾರೆ.

ಸಂಜೆ ಗೌರಿಯನ್ನು ಹಿಂದಕ್ಕೆ ಕಳುಹಿಸುವ ವಿಚಾರ ಬಂದಿತು. ನನ್ನ ಪತ್ನಿ ಮಾತಾಡಲಿಲ್ಲ. ನಾನು ದೂರವಾಣಿಯನ್ನು ಕೈಗೆತ್ತಿಕೊಂಡೆ. ಆಗ ತಾಯಿಯವರು, "ಹಸಿದಿದ್ದವಳು ಕಣೋ ಅದು. ಹಸಿದವರು ತಟ್ಟೆ ಕಾಯುತ್ತಾರೆ. ಹೊಟ್ಟೆ ತುಂಬಿದ ನಾವು ಅದನ್ನು ಜಗಳ ಅನ್ನುತ್ತೇವೆ. ನನ್ನ ಕುರ್ಚಿ ಗೋಡೆಗೆ ಒತ್ತಿಸಿ ಹಾಕು, ನಾನು ಊಟದ ಮನೆಯಲ್ಲಿಯೇ ತಿನ್ನುತ್ತೇನೆ. ಅವಳಿಗೆ ಇನ್ನೊಂದು ವಾರ ಕೊಡು" ಎಂದರು. ಬಿದ್ದುಹೋಗಬಹುದಾಗಿದ್ದವರೇ ಹೀಗೆ ಹೇಳಿದ ಮೇಲೆ ನಾನು ಹೇಳತಕ್ಕದ್ದೇನಿದೆ? ಅಂದಿನಿಂದ ನಾಯಿಗಳಿರುವ ಕಡೆ ಆಹಾರವಿಲ್ಲ, ಆಹಾರವಿರುವ ಕಡೆ ನಾಯಿಗಳಿಲ್ಲ.

ಈ ಕಟ್ಟಿಗೆ ಇನ್ನೊಂದು ಕಾರಣವೂ ಇದೆ; ದೊಡ್ಡ ನಾಯಿಯನ್ನು ಸಾಕಿದವರೆಲ್ಲರೂ ತಿಳಿದಿರಬೇಕಾದದ್ದು. ಗ್ರೇಟ್ ಡೇನಿನಂಥ ಆಳವಾದ ಎದೆಯ ನಾಯಿಗಳಲ್ಲಿ ಹೊಟ್ಟೆಯು ಗಾಳಿ ತುಂಬಿ ಉಬ್ಬಿ, ತಿರುಚಿಕೊಳ್ಳುವುದುಂಟು. ಆಗ ಶಸ್ತ್ರಚಿಕಿತ್ಸೆಯಾಗದಿದ್ದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ಗಬಗಬನೆ ನುಂಗುವುದು ಈ ಅಪಾಯವನ್ನು ಹೆಚ್ಚಿಸುತ್ತದೆ. ಪಕ್ಕದಲ್ಲಿ ಇನ್ನೊಂದು ಬಾಯಿ ಕಾದಿದ್ದರೆ ಯಾವ ನಾಯಿ ತಾನೆ ನಿಧಾನವಾಗಿ ತಿಂದೀತು? ಆದ್ದರಿಂದ ಬೇರೆ ಕೋಣೆ, ದಿನದ ಆಹಾರ ಎರಡು ಮೂರು ಹೊತ್ತಿಗೆ ಹಂಚಿಕೆ, ಉಂಡ ಮೇಲೆ ಒಂದು ಗಂಟೆ ಓಟವಿಲ್ಲ. ಹೊಟ್ಟೆ ಬಿಗಿದು ಉಬ್ಬಿ, ಬರಿದೇ ಓಕರಿಸುತ್ತ ಚಡಪಡಿಸಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಗೌರಿ ಬಂದು ಈಗ ಏಳು ತಿಂಗಳಾಯಿತು. ಖರ್ಚಿನ ಮಾತನ್ನು ಮುಚ್ಚಿಡುವುದಿಲ್ಲ: ಭೀಮನಿಗಾಗುವುದರ ಮೂರನೆಯ ಒಂದು ಪಾಲಿನಷ್ಟು ಇವಳಿಗೂ ಆಗುತ್ತದೆ, ಮನೆಯವರು ಊರಿಗೆ ಹೊರಟರೆ ಎರಡು ನಾಯಿಗಳನ್ನು ನೋಡಿಕೊಳ್ಳುವವರು ಒಂದು ನಾಯಿಯನ್ನು ನೋಡಿಕೊಳ್ಳುವವರಷ್ಟು ಸುಲಭವಾಗಿ ದೊರೆಯುವುದಿಲ್ಲ. ಭೀಮನ ಮುಂಗಾಲಿನಲ್ಲಿ ಕೂದಲು ಮತ್ತೆ ಬಂದಿದೆ. ಬೆಳಗ್ಗೆ ಹಿತ್ತಲಿನಲ್ಲಿ ಅವನು ಓಡುತ್ತಾನೆ. ಇವಳು ಕುಂಟುಗಾಲಿನಲ್ಲಿ ಹತ್ತು ಹೆಜ್ಜೆ ಓಡಿ ನಿಂತರೆ, ಅವನೂ ನಿಂತು ಹಿಂದಿರುಗಿ ಬರುತ್ತಾನೆ. ಮಧ್ಯಾಹ್ನ ಹೊಸಲಿನ ಆಚೆ ಈಗ ಎರಡು ತಲೆಗಳು. ತಾಯಿಯವರಿಗೆ ಎರಡು ಪಾದಗಳಿರುವುದರಿಂದ ತೊಂದರೆಯಾಗಿಲ್ಲ.

ಸಂಜೆ ಆರು ಗಂಟೆಗೆ ಭೀಮನು ಇಂದಿಗೂ ಗೇಟಿಗೆ ಹೋಗುತ್ತಾನೆ. ಇದನ್ನು ಹೇಳದೆ ಬಿಟ್ಟರೆ ಓದುಗರಿಗೆ ವಂಚನೆಯಾದೀತು. ಹೋದವನ ಜಾಗವನ್ನು ಬಂದವಳು ತುಂಬಲಿಲ್ಲ. ತುಂಬಬೇಕೆಂದು ಅವಳಿಗೆ ಗೊತ್ತೂ ಇಲ್ಲ. ಅವನು ಯಾರಿಗಾಗಿ ಕಾಯುತ್ತಾನೆಂಬುದನ್ನು ಅರಿಯದೆಯೇ ಗೌರಿ ಅವನ ಹಿಂದೆ ಹೋಗಿ, ಅವನ ಪಕ್ಕೆಗೆ ಬೆನ್ನು ಕೊಟ್ಟು, ಬೀದಿಯ ಇನ್ನೊಂದು ಕಡೆಯನ್ನು ನೋಡುತ್ತ ಮಲಗುತ್ತಾಳೆ. ಒಂಬತ್ತರ ತನಕ ಅಲ್ಲಿರುತ್ತಿದ್ದವನು ಈಗ ಏಳಕ್ಕೆಲ್ಲ ಎದ್ದು ಅವಳೊಡನೆ ಒಳಗೆ ಬರುತ್ತಾನೆ. ಎರಡನೆಯ ನಾಯಿಯಿಂದ ಆದ ಲಾಭವನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಬೇಕಾದರೆ, ದಿನಕ್ಕೆ ಎರಡು ಗಂಟೆಯೆಂದು ಬರೆಯಬಹುದು. ನಮ್ಮ ಮಟ್ಟಿಗೆ ಅದು ಕಡಮೆಯಾದ ಲಾಭವಲ್ಲ.

ಇನ್ನೊಂದು ಮಾತುಂಟು. ಹತ್ತೊಂಬತ್ತು ಕಿಲೋ ತೂಕದ ನಾಡನಾಯಿ ಮನೆಯ ಆರೈಕೆಯಲ್ಲಿ ಹನ್ನೆರಡು ಹದಿಮೂರು ವರ್ಷ ಬದುಕುವುದು ಅಪರೂಪವಲ್ಲ. ದೊಡ್ಡ ನಾಯಿಗೆ ಜೊತೆ ತರುವವನು ಆ ಜೊತೆಯು ಒಂಟಿಯಾಗುವ ದಿನವನ್ನೂ ಅಂದೇ ಒಪ್ಪಿಕೊಳ್ಳಬೇಕಾಗುತ್ತದೆ. ಮೊದಲನೆಯದಕ್ಕಾಗಿ ತಂದ ನಾಯಿಯನ್ನು ಅಂದಿನಿಂದ ಅದಕ್ಕಾಗಿಯೇ ಸಾಕಬೇಕು. ಅಷ್ಟಕ್ಕೆ ಮನಸ್ಸು ಸಿದ್ಧವಿಲ್ಲದವರು ಒಂದೇ ನಾಯಿಗೆ ತಮ್ಮ ಹೊತ್ತನ್ನು ಧಾರಾಳವಾಗಿ ಕೊಡುವುದು ಮೇಲು. ಮೊನ್ನೆ ಈ ವಿಷಯವನ್ನು ತಾಯಿಯವರ ಎದುರಿಗೆ ಎತ್ತಿ, "ಭೀಮ ಹೋದ ಮೇಲೆ ಇವಳಿಗೆ ಯಾರಮ್ಮ?" ಎಂದು ಕೇಳಿದೆ. ಅವರು ಬತ್ತಿ ಹೊಸೆಯುತ್ತಿದ್ದವರು ತಲೆಯೆತ್ತದೆಯೇ, "ಆಗಿನದು ಆಗ. ಅವಳ ನೀರಿನ ಪಾತ್ರೆ ಬರಿದಾಗಿದೆ, ಮೊದಲು ಅದನ್ನು ತುಂಬು" ಎಂದರು.